ಆಸ್ಪತ್ರೆಯನ್ನು ಚೇಣಿಗೆ ಕೊಡುವ ಮುನ್ನ: ಮಲೆನಾಡಿನ ಆರೋಗ್ಯ ಸೇವೆ ಮತ್ತು ಸರ್ಕಾರಿ–ಖಾಸಗಿ ಸಹಭಾಗಿತ್ವ, ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ಸೀಮೆಯವನು. ಕೆಲವು ವರ್ಷ ತಾಲ್ಲೂಕು ಆಸ್ಪತ್ರೆಯೊಂದರ ಆರೋಗ್ಯ ರಕ್ಷಾ ಸಮಿತಿಯ ಸಭೆಗಳಲ್ಲಿ ಕುಳಿತಿದ್ದೇನೆ. ಡಯಾಲಿಸಿಸ್, ಸ್ಕ್ಯಾನಿಂಗ್, ಆಂಬುಲೆನ್ಸ್, ಸ್ವಚ್ಛತೆ ಹೀಗೆ ಒಂದೊಂದೇ ಕೆಲಸ ಖಾಸಗಿಯವರ ಕೈಗೆ ಹೋದಂತೆಲ್ಲ ಊರಿನವರು ಸಭೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಬಸ್ಸಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಿವು. ಆಗ ಅರ್ಧಂಬರ್ಧ ಹೇಳಿದ ಉತ್ತರಗಳನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಸರ್ಕಾರಿ–ಖಾಸಗಿ ಸಹಭಾಗಿತ್ವ ಎಂದರೆ ಆಸ್ಪತ್ರೆಯನ್ನು ಖಾಸಗಿಯವರಿಗೆ ಮಾರುವುದೇ?

ಅಲ್ಲ. ಮಾರಿದರೆ ಆಸ್ತಿಯೂ ಹೊಣೆಯೂ ಎರಡೂ ಕೈಬಿಡುತ್ತವೆ. ಸಹಭಾಗಿತ್ವದಲ್ಲಿ ಹೊಣೆ ಸರ್ಕಾರದ್ದಾಗಿಯೇ ಉಳಿಯುತ್ತದೆ. ಕೆಲಸವನ್ನು, ಕೆಲವೊಮ್ಮೆ ಬಂಡವಾಳವನ್ನು, ಕರಾರಿನ ಮೂಲಕ ಬೇರೆಯವರಿಂದ ಪಡೆಯಲಾಗುತ್ತದೆ. ರೋಗಿಗೆ ಸೇವೆ ಸಿಗದಿದ್ದರೆ ಉತ್ತರ ಹೇಳಬೇಕಾದದ್ದು ಇಲಾಖೆಯೇ. ‘ಅದು ಏಜೆನ್ಸಿಯವರ ಕೆಲಸ, ಅವರನ್ನೇ ಕೇಳಿ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಒಪ್ಪಬೇಡಿ.

‘ಸರ್ಕಾರದ ಸಾಮರ್ಥ್ಯ ಹೆಚ್ಚಿಸಬೇಕು’ ಎನ್ನುತ್ತಾರೆ. ಕೆಲಸ ಮಾಡುವವರು ಖಾಸಗಿಯವರಾದರೆ ಸರ್ಕಾರಕ್ಕೆ ಸಾಮರ್ಥ್ಯ ಏಕೆ?

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಕೊಯ್ಲಿಗೆ ಆಳು ಸಿಗದವರು ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಾರೆ. ಚೇಣಿದಾರ ಬಂದು ಮರ ನೋಡುತ್ತಾನೆ, ಅಡಿಕೆ ಗೊನೆ ಎಣಿಸುತ್ತಾನೆ, ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆ ಎಂದು ಮಾತಾಗುತ್ತದೆ. ತನ್ನ ತೋಟದಲ್ಲಿ ಎಷ್ಟು ಮರ ಫಸಲಿಗೆ ಬಂದಿದೆ, ಈ ವರ್ಷ ಕೊಳೆ ರೋಗದಲ್ಲಿ ಎಷ್ಟು ಉದುರಿದೆ ಎಂದು ಗೊತ್ತಿರುವ ಯಜಮಾನನಿಗೆ ಚೇಣಿಯಿಂದ ಅನುಕೂಲವಾಗುತ್ತದೆ. ತೂಕದ ದಿನ ತಕ್ಕಡಿಯ ಬಳಿ ನಿಲ್ಲಲು ಮನೆಯವರು ಯಾರೂ ಇಲ್ಲದಿದ್ದರೆ ಪ್ರಾಮಾಣಿಕ ಚೇಣಿದಾರನ ಜೊತೆಗೂ ಮನಸ್ತಾಪ ಬರುತ್ತದೆ.

ಆಸ್ಪತ್ರೆಯ ಕರಾರಿಗೂ ಇದೇ ಲೆಕ್ಕ. ಒಂದು ಡಯಾಲಿಸಿಸ್‌ಗೆ ತನ್ನದೇ ಆಸ್ಪತ್ರೆಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜೇ ಇಲ್ಲದ ಇಲಾಖೆ, ಟೆಂಡರಿನಲ್ಲಿ ಬಂದ ದರ ಹೆಚ್ಚೋ ಕಡಿಮೆಯೋ ಎಂದು ಹೇಗೆ ನಿರ್ಧರಿಸುತ್ತದೆ? ಹೆಚ್ಚಾದರೆ ಬೊಕ್ಕಸಕ್ಕೆ ನಷ್ಟ. ತೀರಾ ಕಡಿಮೆಯಾದರೆ ಇನ್ನೂ ಅಪಾಯ, ಏಕೆಂದರೆ ಆ ದರದಲ್ಲಿ ಗೆದ್ದವನು ಆರು ತಿಂಗಳ ನಂತರ ಫಿಲ್ಟರಿನಲ್ಲೋ ಸಿಬ್ಬಂದಿಯ ಸಂಬಳದಲ್ಲೋ ಉಳಿತಾಯ ಹುಡುಕುತ್ತಾನೆ. ಆದ್ದರಿಂದ ತನ್ನ ಖರ್ಚನ್ನು ತಾನು ಅರಿಯುವುದು ಮೊದಲ ಸಾಮರ್ಥ್ಯ. ಬೇಕಾದದ್ದನ್ನು ಅಳೆಯಬಹುದಾದ ಮಾತಿನಲ್ಲಿ ಬರೆಯುವುದು, ಬರೆದದ್ದು ನಡೆಯುತ್ತಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವುದು, ಸಮಯಕ್ಕೆ ಹಣ ಕೊಡುವುದು, ಕೆಟ್ಟರೆ ಕೆಲಸವನ್ನು ಮರಳಿ ಕೈಗೆತ್ತಿಕೊಳ್ಳುವುದು ಅದರ ನಂತರದವು. ಕೊನೆಯದು ಎಲ್ಲಕ್ಕಿಂತ ಕಷ್ಟ. ಮರಳಿ ಪಡೆಯಲಾಗದವನು ಕೊಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆ ಇಂಥ ಕರಾರುಗಳು ಈಗಾಗಲೇ ಇವೆಯೇ?

ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿವೆ. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದದ್ದೇ ಸರ್ಕಾರದ ಹೊರಗಿನ ಸಂಸ್ಥೆಯೊಂದರ ಜೊತೆಗಿನ ಒಪ್ಪಂದದಲ್ಲಿ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದಾಗ ಅದರ ಮಾದರಿಯೇ ಸಹಭಾಗಿತ್ವದ್ದು: ಜಾಗ, ನೀರು, ವಿದ್ಯುತ್ ಆಸ್ಪತ್ರೆಯದು, ಯಂತ್ರ, ನೀರು ಶುದ್ಧೀಕರಣ ಘಟಕ, ತಂತ್ರಜ್ಞರು ಖಾಸಗಿಯವರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸರ್ಕಾರವೇ ವೆಚ್ಚ ಭರಿಸುತ್ತದೆ. ಅದೂ ಖಾಸಗಿಯವರಿಂದ ಸೇವೆ ಕೊಳ್ಳುವ ಒಂದು ಬಗೆ. ಆಸ್ಪತ್ರೆಯ ಹಿಂಬದಿಯಲ್ಲಿ ಹಳದಿ, ಕೆಂಪು ಚೀಲಗಳನ್ನು ತುಂಬಿಕೊಂಡು ಹೋಗುವ ವಾಹನ ಕೂಡ ಸಾಮಾನ್ಯವಾಗಿ ಖಾಸಗಿ ಸಂಸ್ಕರಣಾ ಘಟಕದ್ದೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆಷಾಢದ ಮಳೆಯಲ್ಲಿ ಘಟ್ಟದ ಅಂಚಿನ ಊರುಗಳಿಗೆ ಆ ವಾಹನ 48 ಗಂಟೆಗೊಮ್ಮೆ ತಪ್ಪದೆ ಬರುತ್ತದೆಯೇ ಎಂದು ಯಾರಾದರೂ ನೋಡಬೇಕಲ್ಲವೇ? ನೋಡುವವರ ಹೆಸರು ಕರಾರಿನಲ್ಲಿ ಇರಬೇಕು.

ಯಂತ್ರ ಇದ್ದೂ ಡಯಾಲಿಸಿಸ್ ನಿಂತುಹೋಗುವುದು ಏಕೆ?

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಊರು, ಸಂಸ್ಥೆಯ ಹೆಸರು ಬೇಡ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರಗಳು ಸರಿಯಾಗಿದ್ದವು, ತಂತ್ರಜ್ಞೆಯೂ ಇದ್ದರು. ನೀರು ಶುದ್ಧೀಕರಣ ಘಟಕದಲ್ಲಿ ನೀರು ಸೋಸುವ ಪೊರೆ ಕೆಟ್ಟಿತ್ತು. ಘಟಕ ಏಜೆನ್ಸಿಯದು, ಆದರೆ ನೀರು ಆಸ್ಪತ್ರೆಯದು. ಮಳೆಗಾಲದ ಕೆಸರು ನೀರಿನಿಂದ ಪೊರೆ ಕೆಟ್ಟಿತೆಂದು ಏಜೆನ್ಸಿ, ನಿರ್ವಹಣೆ ಸರಿಯಿಲ್ಲದೆ ಕೆಟ್ಟಿತೆಂದು ಆಸ್ಪತ್ರೆ. ಕರಾರಿನಲ್ಲಿ ‘ನೀರಿನ ಪೂರೈಕೆ ಆಸ್ಪತ್ರೆಯ ಜವಾಬ್ದಾರಿ’ ಎಂದಷ್ಟೇ ಇತ್ತು. ಎಂಥ ನೀರು ಎಂದು ಇರಲಿಲ್ಲ. ಕಾಗದಗಳು ಶಿವಮೊಗ್ಗಕ್ಕೂ ಬೆಂಗಳೂರಿಗೂ ಓಡಾಡುತ್ತಿದ್ದ ಆ ವಾರಗಳಲ್ಲಿ ವಾರಕ್ಕೆ ಎರಡು ಮೂರು ಸಲ ರಕ್ತ ಶುದ್ಧಿಯಾಗಲೇಬೇಕಾದ ಜನ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ರಾತ್ರಿ ಮರಳುತ್ತಿದ್ದರು. ಬಸ್ಸಿನ ಕೊನೆಯ ಸೀಟಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕಿಟಕಿಗೆ ಒರಗಿ ಮಲಗಿದ್ದ ಹಿರಿಯರೊಬ್ಬರ ಮುಖ ನನಗೆ ಇಂದಿಗೂ ನೆನಪಿದೆ.

ಒಂದು ಸಾಲು ಹೆಚ್ಚು ಬರೆದಿದ್ದರೆ ಸಾಕಿತ್ತು: ಒಳಬರುವ ನೀರಿನ ಗುಣಮಟ್ಟ ಇಷ್ಟು, ತಿಂಗಳಿಗೊಮ್ಮೆ ಪರೀಕ್ಷೆ ಇಂಥವರಿಂದ, ಪೊರೆಯ ಬದಲಾವಣೆ ಇಂಥವರದು, ಘಟಕ ನಿಂತರೆ ಇಷ್ಟು ಗಂಟೆಯೊಳಗೆ ರೋಗಿಯನ್ನು ಬೇರೆ ಕೇಂದ್ರಕ್ಕೆ ತಮ್ಮ ವಾಹನದಲ್ಲಿ ಕರೆದೊಯ್ಯತಕ್ಕದ್ದು. ಇದನ್ನು ಬರೆಯಲು ಕಾನೂನು ಪಂಡಿತರು ಬೇಕಿಲ್ಲ. ಕರಡು ಮಾಡುವಾಗ ಆ ಆಸ್ಪತ್ರೆಯ ಶುಶ್ರೂಷಕಿಯನ್ನೂ ಪಂಪ್ ನಡೆಸುವವನನ್ನೂ ಕರೆದು ಕೇಳಿದ್ದರೆ ಸಾಲು ತಾನಾಗಿ ಬರುತ್ತಿತ್ತು.

ಖಾಸಗಿಯವರು ಮಲೆನಾಡಿನ ಒಳಭಾಗಕ್ಕೆ ಬರುವುದೇ ಇಲ್ಲವಲ್ಲ?

ಹಣ ಕೊಡುವ ರೀತಿಯಲ್ಲೇ ಇದರ ಉತ್ತರ ಇದೆ. ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನಸಂಖ್ಯೆ ಎಂಬ ಮಾನದಂಡವಿದೆ, ಗುಡ್ಡಗಾಡಿಗೆ 20,000. ಎಂದರೆ ಜನ ವಿರಳ ಎಂಬುದನ್ನು ಸರ್ಕಾರವೇ ಬಹಳ ಹಿಂದೆ ಒಪ್ಪಿಕೊಂಡಿದೆ. ಆದರೆ ಕರಾರು ಮಾಡುವಾಗ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಅಳತೆ: ಒಂದು ಸ್ಕ್ಯಾನ್‌ಗೆ ಇಷ್ಟು, ಒಂದು ರೋಗಿಗೆ ಇಷ್ಟು. ದಾವಣಗೆರೆಯಲ್ಲಿ ದಿನವಿಡೀ ನಡೆಯುವ ಯಂತ್ರ ಹೊಸನಗರದಲ್ಲಿ ಅರ್ಧ ದಿನ ಖಾಲಿ ಇರುತ್ತದೆ. ತಂತ್ರಜ್ಞನ ಸಂಬಳ ಮಾತ್ರ ಎರಡೂ ಕಡೆ ಒಂದೇ. ಆಗ ಗುತ್ತಿಗೆದಾರ ಶಿವಮೊಗ್ಗ, ಭದ್ರಾವತಿಯನ್ನು ಹಿಡಿದುಕೊಂಡು ಒಳತಾಲ್ಲೂಕುಗಳನ್ನು ಹೆಸರಿಗೆ ಮಾತ್ರ ನಡೆಸುತ್ತಾನೆ.

ದಾರಿ ಇದೆ. ರೋಗಿ ಬರಲಿ ಬಿಡಲಿ, ಯಂತ್ರ, ತಜ್ಞರು, ಔಷಧ ಸಿದ್ಧವಾಗಿರುವುದಕ್ಕೇ ತಿಂಗಳಿಗೆ ಒಂದು ನಿಗದಿತ ಮೊತ್ತ ಕೊಡುವುದು, ಅದರ ಮೇಲೆ ಸೇವೆಗೆ ತಕ್ಕಂತೆ ಸ್ವಲ್ಪ. ಸಿದ್ಧವಿಲ್ಲದ ದಿನಕ್ಕೆ ಕಡಿತ. ನಮ್ಮಲ್ಲಿ ಊರ ಪುರೋಹಿತರಿಗೂ ಸೂಲಗಿತ್ತಿಗೂ ವರ್ಷಕ್ಕಿಷ್ಟು ಎಂದು ಬತ್ತ ಅಳೆದು ಕೊಡುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು. ಕರೆದಾಗ ಇರಬೇಕು ಎಂಬುದಕ್ಕೆ ಕೊಟ್ಟ ಬತ್ತ ಅದು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಿನ್ನೀರಿನಾಚೆಯ ಊರುಗಳಿಗೆ ಈ ಬಗೆಯೇ ಸರಿ. ಆದರೆ ‘ಸಿದ್ಧವಾಗಿದೆಯೇ’ ಎಂದು ಪ್ರತಿದಿನ ಖಚಿತಪಡಿಸಿಕೊಳ್ಳದಿದ್ದರೆ ಖಾಲಿ ಕೋಣೆಗೆ ತಿಂಗಳು ತಿಂಗಳು ಹಣ ಹೋಗುತ್ತದೆ. ಹಾಗಾಗಿ ಈ ಬಗೆಯ ಕರಾರು ಬರಿಯ ಎಣಿಕೆಯ ಕರಾರಿಗಿಂತ ಹೆಚ್ಚು ಸಮರ್ಥ ಕಚೇರಿಯನ್ನು ಬೇಡುತ್ತದೆ.

ಹಣ ಕೊಡುವ ರೀತಿಯಿಂದ ವೈದ್ಯರ ನಡವಳಿಕೆಯೂ ಬದಲಾಗುತ್ತದೆ. ಗುಜರಾತಿನ ಚಿರಂಜೀವಿ ಯೋಜನೆಯಲ್ಲಿ ಖಾಸಗಿ ಪ್ರಸೂತಿ ತಜ್ಞರಿಗೆ ಪ್ರತಿ 100 ಹೆರಿಗೆಗೆ ಒಂದೇ ಒಟ್ಟು ಮೊತ್ತ ನಿಗದಿ ಮಾಡಿದರು. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಸರಾಸರಿ ಒಂದೇ ಆದ್ದರಿಂದ ಅನಗತ್ಯವಾಗಿ ಕತ್ತರಿ ಹಾಕುವ ಆಸೆ ಹುಟ್ಟದಿರಲಿ ಎಂಬುದು ಉದ್ದೇಶ. ಇದರ ಇನ್ನೊಂದು ಮುಖವನ್ನೂ ನೋಡಬೇಕು: ತೊಡಕಿನ ಗರ್ಭಿಣಿ ಬಂದರೆ ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಸಾಗಹಾಕುವ ಆಸೆ ಹುಟ್ಟಬಹುದು. ಪ್ರತಿಯೊಂದು ದರದ ಹಿಂದೆಯೂ ಇಂಥದ್ದೊಂದು ಆಸೆ ಅಡಗಿರುತ್ತದೆ, ದರ ಬರೆಯುವ ಅಧಿಕಾರಿಗೆ ಅದು ಕಾಣಬೇಕು.

ನಮ್ಮ ಮಳೆಗಾಲವನ್ನು ಕರಾರಿನಲ್ಲಿ ಬರೆಯಬಹುದೇ?

ಬರೆಯಲೇಬೇಕು. ಸಾಮಾನ್ಯ ಮಾದರಿ ಕರಾರಿನಲ್ಲಿ ‘ದೈವೇಚ್ಛೆಯ ಘಟನೆ’ ಎಂಬ ಒಂದು ಪರಿಚ್ಛೇದ ಇರುತ್ತದೆ. ಅತಿವೃಷ್ಟಿ, ಭೂಕುಸಿತವಾದರೆ ಗುತ್ತಿಗೆದಾರನಿಗೆ ವಿನಾಯಿತಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತ ಮಳೆಯನ್ನು ಅನಿರೀಕ್ಷಿತ ಎನ್ನುವುದು ಹೇಗೆ? ಘಾಟಿ ರಸ್ತೆ ಮುಚ್ಚುವುದು, ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಹೋಗುವುದು, ಮೊಬೈಲ್ ಸಂಪರ್ಕ ಕಡಿಯುವುದು ಇಲ್ಲಿ ವರ್ಷವೂ ನಡೆಯುವ ಸಂಗತಿಗಳು. ಜನರೇಟರಿನ ಡೀಸೆಲ್ ಯಾರ ಖರ್ಚು, ಮೇ ತಿಂಗಳಲ್ಲೇ ಎಷ್ಟು ದಿನದ ಔಷಧ ಸಂಗ್ರಹಿಸಬೇಕು, ಆಗುಂಬೆ ಘಾಟಿ ಮುಚ್ಚಿದರೆ ಮಣಿಪಾಲಕ್ಕೆ ಹೋಗುವ ಆಂಬುಲೆನ್ಸ್ ಹುಲಿಕಲ್ ದಾರಿ ಹಿಡಿಯಬೇಕೇ, ಇವೆಲ್ಲ ಕರಾರಿನ ಭಾಗವಾಗಬೇಕು.

ತಿರುಗಿ ಬರೆಯುವ ಅವಕಾಶವೂ ಇರಲಿ. ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚ್ ನಂಬಿಕೊಂಡಿದ್ದ ತುಮರಿಯ ಕಡೆಯವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಆ ದಿನದಿಂದ ಆಂಬುಲೆನ್ಸ್ ಎಷ್ಟು ನಿಮಿಷದಲ್ಲಿ ತಲುಪಬೇಕು ಎಂಬ ಲೆಕ್ಕವೇ ಬೇರೆ. ಹಳೆಯ ಲೆಕ್ಕದಲ್ಲೇ ಕರಾರು ಮುಂದುವರಿದರೆ ಸೇತುವೆಯ ಲಾಭ ರೋಗಿಗೆ ಬರುವುದಿಲ್ಲ.

ಮಂಗನ ಕಾಯಿಲೆಗೆ ಮಣಿಪಾಲದಲ್ಲಿ ಉಚಿತ ಚಿಕಿತ್ಸೆ ಕೊಟ್ಟರಲ್ಲ, ಅದೂ ಸಹಭಾಗಿತ್ವವೇ?

ಹೌದು, ನಮ್ಮ ಕಣ್ಣೆದುರೇ ನಡೆದ ಸಹಭಾಗಿತ್ವ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ 2018–19ರ ಬೇಸಿಗೆಯಲ್ಲಿ ಸಾಗರದ ಅರಳಗೋಡನ್ನು ನಡುಗಿಸಿದಾಗ ಗಂಭೀರ ಸ್ಥಿತಿಯ ಅನೇಕರು ಮಣಿಪಾಲದ ಖಾಸಗಿ ಆಸ್ಪತ್ರೆಗೆ ಹೋದರು, ಸರ್ಕಾರ ಅವರ ಚಿಕಿತ್ಸೆಯ ವೆಚ್ಚ ಹೊತ್ತಿತು. ಜೀವ ಉಳಿಸಿದ ವ್ಯವಸ್ಥೆ ಅದು. ಆದರೆ ಡಿಸೆಂಬರ್‌ನಿಂದ ಮೇ ವರೆಗೆ ಈ ಜ್ವರ ಬರುತ್ತದೆ ಎಂದು ಇಲ್ಲಿನ ಆಶಾ ಕಾರ್ಯಕರ್ತೆಯೂ ಬಲ್ಲಳು. ಹೀಗಿರುವಾಗ ಯಾವ ಲಕ್ಷಣ ಕಂಡರೆ ಯಾರು ಕಳುಹಿಸಬೇಕು, ವಾಹನ ಯಾರದು, ಬಿಲ್ ಯಾರಿಗೆ, ಎಪಿಎಲ್ ಕಾರ್ಡಿನವರ ಗತಿ ಏನು ಎಂಬುದು ಪ್ರತಿ ನವೆಂಬರ್‌ನಲ್ಲೇ ಲಿಖಿತವಾಗಿ ಸಿದ್ಧವಿರಬೇಕು. ಜ್ವರದ ಮಗುವನ್ನು ಎತ್ತಿಕೊಂಡ ತಂದೆ ಕೌಂಟರಿನ ಮುಂದೆ ಫೋನ್ ಹಿಡಿದು ‘ಸಾಹೇಬರಿಗೆ ಒಂದು ಮಾತು ಹೇಳಿ’ ಎಂದು ಬೇಡುವ ಸ್ಥಿತಿ ಯಾರಿಗೂ ಬರಬಾರದು.

ಬಿಲ್ ಪಾವತಿ ತಡವಾದರೆ ರೋಗಿಗೆ ಏನು?

ಎಲ್ಲವೂ. ಸರ್ಕಾರ ತಡಮಾಡುತ್ತದೆ ಎಂದು ಗೊತ್ತಿದ್ದ ಕಂಪನಿ ಆ ತಡದ ಬಡ್ಡಿಯನ್ನೂ ಸೇರಿಸಿಯೇ ದರ ಹಾಕುತ್ತದೆ. ಸಣ್ಣ ಸಂಸ್ಥೆ, ಸೇವಾ ಮನೋಭಾವದ ಟ್ರಸ್ಟ್ ಅಷ್ಟು ದಿನ ತಾಳಲಾರದೆ ಟೆಂಡರಿಗೇ ಬರುವುದಿಲ್ಲ. ನಡುವೆ ಸಿಕ್ಕಿಕೊಂಡವರು ಸಂಬಳವಿಲ್ಲದ ಚಾಲಕರು, ತಂತ್ರಜ್ಞರು. ಅವರು ಮುಷ್ಕರ ಹೂಡಿದ ದಿನ ಹೆರಿಗೆ ನೋವಿನವಳಿಗೆ ಆಂಬುಲೆನ್ಸ್ ಇಲ್ಲ. ಒಂದು ವರ್ಷದ ಮೊತ್ತದ ಸ್ವಲ್ಪ ಭಾಗವನ್ನು ಪ್ರತ್ಯೇಕ ಖಾತೆಯಲ್ಲಿ ಮೊದಲೇ ಇಡುವುದು, ಪರಿಶೀಲನೆಗೆ ಗಡುವು ಹಾಕುವುದು, ತಕರಾರಿಲ್ಲದ ಭಾಗವನ್ನು ತಕ್ಷಣ ಕೊಟ್ಟು ಉಳಿದದ್ದನ್ನು ಮಾತ್ರ ಚರ್ಚಿಸುವುದು, ಇವು ಹೊಸ ವಿದ್ಯೆಗಳೇನಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕು ಎಂಬುದು ನಮ್ಮ ಕಾರ್ಮಿಕ ಕಾನೂನಿನ ಹಳೆಯ ತತ್ವ. ಆಸ್ಪತ್ರೆಯ ಗುತ್ತಿಗೆ ನೌಕರರು ಇದನ್ನು ತಿಳಿದಿರಲಿ.

ಬೇರೆ ಕಡೆಯ ಅನುಭವ ಏನು ಹೇಳುತ್ತದೆ?

ನಮ್ಮ ರಾಜ್ಯದ್ದನ್ನೇ ಮೊದಲು ನೋಡೋಣ. ಚಾಮರಾಜನಗರ ಜಿಲ್ಲೆಯ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಸ್ಥಳದಲ್ಲೇ ವಾಸಿಸುವ ಸಿಬ್ಬಂದಿ, ಲಾಭದ ಗುರಿಯಿಲ್ಲದ ಸಂಸ್ಥೆ. ಅದರ ಯಶಸ್ಸು ನೋಡಿ ಬೇರೆ ಕೇಂದ್ರಗಳನ್ನೂ ಹೀಗೆ ಕೊಡುವ ಆರೋಗ್ಯ ಬಂಧು ಯೋಜನೆ ಬಂತು. ಮುಂದೆ ಸರ್ಕಾರ ಅದರಿಂದ ಹಿಂದೆ ಸರಿಯಿತು. ಒಳ್ಳೆಯ ಸಂಸ್ಥೆಗೂ ಹೆಸರಿಗೆ ಮಾತ್ರ ಇದ್ದ ಸಂಸ್ಥೆಗೂ ವ್ಯತ್ಯಾಸ ಅಳೆಯುವ ಅಂಕಿಅಂಶ ಇಲಾಖೆಯ ಬಳಿ ಇದ್ದರೆ ಒಳ್ಳೆಯದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಬಹುದು. ಅಳತೆ ಇಲ್ಲದಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಬೇಕು ಅಥವಾ ಎಲ್ಲವನ್ನೂ ಬಿಡಬೇಕು.

ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಜನರ ಬಾಯಲ್ಲಿ ಓಪೆಕ್ ಆಸ್ಪತ್ರೆ, ಸುಮಾರು ಹತ್ತು ವರ್ಷ ಅಪೋಲೊ ನಿರ್ವಹಣೆಯಲ್ಲಿತ್ತು, ಬಳಿಕ ಸರ್ಕಾರಕ್ಕೆ ಮರಳಿತು. ಮರಳುವ ದಿನ ತಜ್ಞರು ಯಾರು, ದಾಖಲೆ ಯಾರ ಬಳಿ, ಯಂತ್ರಗಳ ನಿರ್ವಹಣಾ ಒಪ್ಪಂದ ಯಾರ ಹೆಸರಿನಲ್ಲಿ? ಕೊಡುವ ದಿನವೇ ಕೇಳಿ ಬರೆದುಕೊಳ್ಳಬೇಕಾದ ಪ್ರಶ್ನೆಗಳಿವು.

ಆಫ್ರಿಕಾದ ಲೆಸೊಥೊ ಎಂಬ ಪುಟ್ಟ ಬೆಟ್ಟದ ದೇಶ 2008ರಲ್ಲಿ 18 ವರ್ಷಗಳ ಕರಾರಿಗೆ ಸಹಿ ಹಾಕಿ ರಾಜಧಾನಿಯಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿತು. 2011ರಲ್ಲಿ ಅದು ತೆರೆಯಿತು. ಚಿಕಿತ್ಸೆ ಸುಧಾರಿಸಿತು, ಸಾವು ಕಡಿಮೆಯಾಯಿತು. ಆದರೆ ಕರಾರಿಗಿಂತ ಹೆಚ್ಚು ರೋಗಿಗಳು ಬಂದಾಗ ಹೆಚ್ಚುವರಿ ಹಣ, ಅದರ ಬಗ್ಗೆ ಜಗಳ, ಆರೋಗ್ಯ ಬಜೆಟ್ಟಿನ ಬಹುದೊಡ್ಡ ಪಾಲು ಒಂದೇ ಆಸ್ಪತ್ರೆಗೆ. 2021ರಲ್ಲಿ ಸರ್ಕಾರ ಕರಾರು ಮುರಿಯಿತು. ಬ್ರಿಟನ್ನಿನಂಥ ಅನುಭವಿ ಸರ್ಕಾರವೂ ಇಂಥದ್ದೇ ಕರಾರಿನಲ್ಲಿ ಆಸ್ಪತ್ರೆ ಕಟ್ಟುತ್ತಿದ್ದ ಕ್ಯಾರಿಲಿಯನ್ ಕಂಪನಿ 2018ರ ಜನವರಿಯಲ್ಲಿ ಕುಸಿದಾಗ ಲಿವರ್‌ಪೂಲ್‌ನ ಆಸ್ಪತ್ರೆ ಅರ್ಧಕ್ಕೆ ನಿಂತದ್ದನ್ನು ನೋಡಬೇಕಾಯಿತು. ಅದೇ ವರ್ಷ ಅಂಥ ಹೊಸ ಕರಾರುಗಳನ್ನೇ ನಿಲ್ಲಿಸಿತು.

ಇಂಥ ಯೋಜನೆಗೆ ಕೇಂದ್ರದಿಂದ ನೆರವು ಇದೆಯೇ?

ಇದೆ. ಆದಾಯ ಸಾಲದ ಯೋಜನೆಗಳ ಕೊರತೆ ತುಂಬಲು ಅನುದಾನ ಕೊಡುವ ಕಾರ್ಯಸಾಧ್ಯತಾ ಅಂತರ ನಿಧಿಯನ್ನು 2020ರಲ್ಲಿ ಸಾಮಾಜಿಕ ವಲಯಕ್ಕೂ ವಿಸ್ತರಿಸಿದರು. ಆರೋಗ್ಯದ ಪ್ರಾಯೋಗಿಕ ಯೋಜನೆಗಳಿಗೆ ಬಂಡವಾಳ ವೆಚ್ಚದ 40 ಪ್ರತಿಶತದವರೆಗೆ ಕೇಂದ್ರ, ಅಷ್ಟೇ ರಾಜ್ಯ ಕೊಡಬಹುದು. ಮೊದಲ ಐದು ವರ್ಷ ನಡೆಸುವ ಖರ್ಚಿಗೂ ಪಾಲಿದೆ. ಯೋಜನೆ ಸಿದ್ಧಪಡಿಸುವ ಸಲಹೆಗಾರರ ವೆಚ್ಚಕ್ಕೆ ಪ್ರತ್ಯೇಕ ನಿಧಿಯೂ ಇದೆ. ಒಂದು ಎಚ್ಚರಿಕೆ: ಸಲಹೆಗಾರ ಕರಾರು ಬರೆದುಕೊಟ್ಟು ಹೋಗುತ್ತಾನೆ, ಮುಂದಿನ ಹತ್ತು ಇಪ್ಪತ್ತು ವರ್ಷ ಅದರ ಜೊತೆ ಬಾಳುವುದು ಜಿಲ್ಲೆಯ ಕಚೇರಿ. ಸಲಹೆಗಾರನ ಪಕ್ಕದಲ್ಲಿ ನಮ್ಮ ಇಬ್ಬರು ಅಧಿಕಾರಿಗಳು ಮೊದಲ ದಿನದಿಂದ ಕುಳಿತು ಕಲಿಯಬೇಕು.

ಹಾಗಾದರೆ ಜಿಲ್ಲೆಯಲ್ಲಿ ಯಾರು ಬೇಕು?

ದೊಡ್ಡ ಕಟ್ಟಡ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ನಾಲ್ಕೈದು ಜನ ಸಾಕು: ವೆಚ್ಚ ಲೆಕ್ಕ ಬಲ್ಲವರು, ಚಿಕಿತ್ಸೆಯ ಗುಣಮಟ್ಟ ನೋಡಬಲ್ಲ ವೈದ್ಯರು ಅಥವಾ ಹಿರಿಯ ಶುಶ್ರೂಷಕಿ, ಕರಾರು ಓದಬಲ್ಲ ವಕೀಲರು, ತಾಲ್ಲೂಕು ತಾಲ್ಲೂಕಿಗೆ ಹೋಗಿ ಬರುವ ಒಬ್ಬ ಕರಾರು ವ್ಯವಸ್ಥಾಪಕ. ಇವತ್ತು ಈ ಕೆಲಸ ಲಸಿಕೆ, ಸಮೀಕ್ಷೆ, ಸಭೆಗಳ ನಡುವೆ ಬಿಡುವಾದಾಗ ಯಾರೋ ಮಾಡುವ ಕೆಲಸವಾಗಿದೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ರಾತ್ರಿ ಒಂಬತ್ತಕ್ಕೆ ಕಚೇರಿಯಲ್ಲಿ ಕುಳಿತು ಡೀಸೆಲ್ ಬಿಲ್ ತಾಳೆ ನೋಡುತ್ತಿದ್ದುದನ್ನು ಕಂಡವನು ನಾನು.

ವರ್ಗಾವಣೆ ಇನ್ನೊಂದು ಕಂಟಕ. ಕರಾರು ಹತ್ತು ವರ್ಷದ್ದು, ಅದನ್ನು ಬಲ್ಲ ಅಧಿಕಾರಿ ಎರಡೇ ವರ್ಷಕ್ಕೆ ಹೊರಡುತ್ತಾರೆ. ಕಂಪನಿಯ ಕಡೆ ಕುಳಿತವರು ಮಾತ್ರ ಅವರೇ. ಪ್ರತಿ ಕರಾರಿಗೂ ಒಂದು ನಡಾವಳಿ ಪುಸ್ತಕ ಇರಲಿ: ಯಾವ ತಕರಾರು ಬಂತು, ಏನು ತೀರ್ಮಾನವಾಯಿತು, ಏಕೆ.

ಮಲೆನಾಡಿಗೆ ಮತ್ತೊಂದು ತೊಡಕಿದೆ. ಶಿವಮೊಗ್ಗ ಬೆಂಗಳೂರು ಕಂದಾಯ ವಿಭಾಗ, ಚಿಕ್ಕಮಗಳೂರು ಮತ್ತು ಉಡುಪಿ ಮೈಸೂರು ವಿಭಾಗ, ಉತ್ತರ ಕನ್ನಡ ಬೆಳಗಾವಿ ವಿಭಾಗ. ರೋಗಿ ಈ ಗಡಿ ನೋಡುವುದಿಲ್ಲ. ಕೊಪ್ಪದವರು ಶಿವಮೊಗ್ಗಕ್ಕೆ ಬರುತ್ತಾರೆ, ತೀರ್ಥಹಳ್ಳಿಯವರು ಘಟ್ಟ ಇಳಿಯುತ್ತಾರೆ. ಈ ಜಿಲ್ಲೆಗಳು ಸೇರಿ ಒಂದೇ ಕರಾರು ಘಟಕ ಮಾಡಿಕೊಂಡರೆ ಪರಿಣತರೂ ಸಿಗುತ್ತಾರೆ, ದರದಲ್ಲಿ ಚೌಕಾಸಿಯ ಬಲವೂ ಬರುತ್ತದೆ.

ಸಹಕಾರ ಸಂಘಗಳು ಇದರಲ್ಲಿ ಕೈಜೋಡಿಸಬಹುದೇ?

ಯಶಸ್ವಿನಿ ಆರೋಗ್ಯ ಯೋಜನೆ 2003ರಿಂದ ರೈತರನ್ನು ತಲುಪಿದ್ದೇ ಸಹಕಾರ ಸಂಘಗಳ ಮೂಲಕ. ಸದಸ್ಯರ ಪಟ್ಟಿ, ಲೆಕ್ಕದ ಶಿಸ್ತು, ಊರಿನ ನಂಬಿಕೆ ನಮ್ಮ ಸೊಸೈಟಿಗಳಿಗಿವೆ. ಆಸ್ಪತ್ರೆ ನಡೆಸುವುದಕ್ಕಿಂತ ಸೇವೆ ಹೇಗಿದೆ ಎಂದು ಸದಸ್ಯರಿಂದ ಕೇಳಿ ದಾಖಲಿಸುವ ಕೆಲಸಕ್ಕೆ ಅವು ಹೆಚ್ಚು ತಕ್ಕವು ಎಂದು ನನಗನ್ನಿಸುತ್ತದೆ.

ಮೆಗ್ಗಾನ್ ಆಸ್ಪತ್ರೆಯನ್ನೂ ಹೀಗೆ ಕೊಟ್ಟರೆ?

ನೀತಿ ಆಯೋಗ 2020ರಲ್ಲಿ ಜಿಲ್ಲಾಸ್ಪತ್ರೆಗಳನ್ನು ಖಾಸಗಿ ವೈದ್ಯಕೀಯ ಕಾಲೇಜುಗಳ ಜೊತೆ ಜೋಡಿಸುವ ಮಾದರಿ ಕರಾರನ್ನು ಮುಂದಿಟ್ಟಿತು. ವಿಜಯಪುರದಲ್ಲಿ 2025ರಲ್ಲಿ ಜನ ‘ಸಹಭಾಗಿತ್ವದ ಕಾಲೇಜು ಬೇಡ, ಸರ್ಕಾರಿ ಕಾಲೇಜು ಬೇಕು’ ಎಂದು ತಿಂಗಳುಗಟ್ಟಲೆ ಧರಣಿ ಕುಳಿತರು. ಶಿವಮೊಗ್ಗಕ್ಕೆ ಆ ಪ್ರಶ್ನೆ ಸದ್ಯ ಇಲ್ಲ. ಮೆಗ್ಗಾನ್ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ನನ್ನ ಮಾತು ಸ್ಪಷ್ಟ: ಬೇರೆ ದಾರಿಯಿಲ್ಲದ ಬಡವನ ಕೊನೆಯ ಬಾಗಿಲನ್ನು ಕರಾರಿಗೆ ಕೊಡಬಾರದು. ಒಂದು ಸ್ಕ್ಯಾನಿಂಗ್ ಘಟಕ ಕೈಕೊಟ್ಟರೆ ಮೆಗ್ಗಾನ್‌ಗೆ ಹೋಗಬಹುದು. ಮೆಗ್ಗಾನೇ ಕೈಕೊಟ್ಟರೆ ಎಲ್ಲಿಗೆ ಹೋಗುವುದು?

ನಮ್ಮ ಆಸ್ಪತ್ರೆಯ ಕರಾರಿನ ಪ್ರತಿ ನನಗೆ ಸಿಗುತ್ತದೆಯೇ?

ಸಿಗಬೇಕು. ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಮಾಹಿತಿ ಹಕ್ಕು ಕಾಯ್ದೆ 2005ರ ನಾಲ್ಕನೆಯ ಕಲಮಿನಲ್ಲೇ ಇದೆ. ಪ್ರಕಟವಾಗಿಲ್ಲದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕರಾರಿನ ಪ್ರತಿಗೆ ಒಂದು ಅರ್ಜಿ, ಕಳೆದ ವರ್ಷ ಹಾಕಿದ ದಂಡದ ವಿವರಕ್ಕೆ ಇನ್ನೊಂದು ಅರ್ಜಿ ಬರೆಯಿರಿ. ಎರಡನೆಯದನ್ನು ಮರೆಯಬೇಡಿ, ವರ್ಷವಿಡೀ ಒಂದು ದಂಡವೂ ಬಿದ್ದಿಲ್ಲವೆಂದರೆ ಪರಿಶೀಲನೆಗೆ ಯಾರಾದರೂ ಹೋಗಿದ್ದರೇ ಎಂದು ಮುಂದಿನ ಅರ್ಜಿಯಲ್ಲಿ ಕೇಳಬಹುದು. ಉತ್ತರಕ್ಕೆ 30 ದಿನ ಗಡುವು. ‘ವ್ಯಾಪಾರದ ಗುಟ್ಟು’ ಎಂದು ನಿರಾಕರಿಸಿದರೆ ವಿಶಾಲ ಸಾರ್ವಜನಿಕ ಹಿತ ಇದ್ದಲ್ಲಿ ಅದನ್ನೂ ಕೊಡಬೇಕೆಂದು ಎಂಟನೆಯ ಕಲಮು ಹೇಳುತ್ತದೆ ಎಂದು ಬರೆದು, 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪ್ರತಿ ಕೈಗೆ ಬಂದ ಮೇಲೆ ಅದನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ, ನೀರು, ವಿದ್ಯುತ್, ಸಂಬಳದ ಪರಿಚ್ಛೇದಗಳನ್ನು ಗಟ್ಟಿಯಾಗಿ ಓದಿಸಿ.